ನಾಳೆ ನಿಮ್ಮ ಪಾಳಿ

"ಯಾವ ಕಡೆ ಅಮ್ಮಾ?" ಸಿಸ್ಟರ್ ಕೇಳುತ್ತಾರೆ. "ಎಡಗಡೆ," ಅನ್ನುತ್ತೀರಿ. ಅರ್ಧ ತಾಸಿನ ಮೇಲೆ ಅರಿವಳಿಕೆಯ ಡಾಕ್ಟರು ಬಂದು ಅದನ್ನೇ ಕೇಳುತ್ತಾರೆ. ಆಮೇಲೆ ಬಂದ ಎಳೆಯ ಡಾಕ್ಟರು, ಕೇಸ್ ಪೇಪರಿನಲ್ಲಿ ಎಲ್ಲ ಬರೆದಿದ್ದರೂ, ಮತ್ತೆ ಅದೇ ಪ್ರಶ್ನೆ ಹಾಕಿದಾಗ ನಿಮ್ಮ ಎದೆ ಧಸಕ್ಕೆನ್ನುತ್ತದೆ. ನಾಳೆ ಕೊಯ್ಯುವವರಿಗೇ ಯಾವ ಮೊಲೆ ಅಂತ ಖಾತ್ರಿ ಇಲ್ಲವೇ?

"ಅಕ್ಕಾರ, ಅವ್ರು ಮರ್ತು ಕೇಳೂದಲ್ರೀ," ಮಂಚದ ಬದಿಯ ಸ್ಟೂಲಿನ ಮೇಲೆ ಕೂತ ಸಿಂದಗಿಯ ತಂಗಿ ಹೇಳುತ್ತಾಳೆ. "ತಪ್ಪಬಾರ್ದಂತ ಕೇಳ್ತಾರ. ನಾಳೆ ಒಳಗ ಹ್ವಾದ ಮ್ಯಾಲೂ ಕೇಳ್ತಾರ. ಪೆನ್ನಿಲೆ ಗುರ್ತಾನೂ ಹಾಕ್ತಾರ. ಎಷ್ಟ್ ಸಲ ಕೇಳಿದ್ರೂ ಜೋರಾಗಿ ಹೇಳ್ರಿ."

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನುಗಳಿಗೆಂದು ಒಂದು ಪರಿಶೀಲನಾ ಪಟ್ಟಿ ಹೊರಡಿಸಿತು. ಅರಿವಳಿಕೆ ಕೊಡುವ ಮೊದಲು ಹೆಸರು, ಆಪರೇಷನ್ ಯಾವುದು, ಯಾವ ಕಡೆ ಎಂಬುದನ್ನು ರೋಗಿಯಿಂದಲೇ ಖಾತ್ರಿ ಮಾಡಿಕೊಳ್ಳಬೇಕು ಎಂಬುದು ಅದರ ಮೊದಲ ಸಾಲಿನಲ್ಲೇ ಇದೆ. ಸಿಂದಗಿಯ ತಂಗಿಗೆ ಆ ಪಟ್ಟಿಯ ಸುದ್ದಿ ಗೊತ್ತಿಲ್ಲ. ಮೂರು ವಾರದ ಹಿಂದೆ ಇದೇ ಪ್ರಶ್ನೆಗೆ ತಾನೂ ನಡುಗಿದ್ದು ಗೊತ್ತು. ಈ ಹೊತ್ತು ನಿಮಗೆ ಬೇಕಾದದ್ದು ಅದೇ.

ನೀವು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿದ್ದೀರಿ. 1973ರಲ್ಲಿ ಶುರುವಾದ ಈ ಸರಕಾರಿ ಕ್ಯಾನ್ಸರ್ ದವಾಖಾನೆಗೆ ಬೀದರಿನಿಂದ ಚಾಮರಾಜನಗರದ ತನಕ ಎಲ್ಲ ಕಡೆಯ ಕನ್ನಡವೂ ಬಂದು ಸೇರುತ್ತದೆ. ಭೀಮೆಯ ದಂಡೆಯ ನಿಮ್ಮೂರು, ಇಂಡಿ ಕಡೆಯ ಅಗರಖೇಡದಲ್ಲಿ ದೊಡ್ಡ ದವಾಖಾನೆ ಅಂದರೆ ಹೊಳೆಯಾಚೆಯ ಸೊಲ್ಲಾಪುರ, ಇಲ್ಲವೇ ವಿಜಯಪುರ. ಇಷ್ಟು ದೂರ ಬರುತ್ತೀರೆಂದು ನೀವು ಅಂದುಕೊಂಡಿರಲಿಲ್ಲ. ಜಳಕ ಮಾಡುವಾಗ ಕೈಗೆ ಹತ್ತಿದ ಗಂಟು ನೋಯುತ್ತಿರಲಿಲ್ಲ. ನೋಯದ್ದನ್ನು ಯಾರಿಗೆ ಹೇಳುವುದೆಂದು ಕಬ್ಬಿನ ಹಂಗಾಮು ಮುಗಿಯುವ ತನಕ ಸುಮ್ಮನಿದ್ದಿರಿ. ಈ ರೋಗದ ಗಂಟು ಬಹಳ ಸಲ ನೋಯುವುದೇ ಇಲ್ಲ ಅನ್ನುವುದು ನಿಮಗೆ ತಿಳಿದದ್ದು ವಿಜಯಪುರದಲ್ಲಿ, ಸೂಜಿಯಿಂದ ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತೆಂದು ಜಾಗತಿಕ ಅಂದಾಜು ಹೇಳುತ್ತದೆ. ಊರಿನಲ್ಲಿದ್ದಾಗ ಮಾತ್ರ ಇದು ನಿಮ್ಮೊಬ್ಬರಿಗೇ ಬಂದದ್ದು ಅನ್ನಿಸಿತ್ತು.

ಗಂಟು ಕರಗಿಸಲು ಮೊದಲು ಕಿಮೋ ಕೊಟ್ಟರು. 21 ದಿನಕ್ಕೊಮ್ಮೆ ಸಲೈನು, ಮತ್ತೆ ಊರು, ಮತ್ತೆ 21 ದಿನ. ಒಂದೇ ತಾರೀಖು ಬಿದ್ದ ಹೆಂಗಸರು ಪ್ರತಿಸಲ ಅದೇ ಬೆಂಚಿನ ಮೇಲೆ ಕೂಡುತ್ತಾರೆ. ಹಾಗೆ ಸಿಕ್ಕವರು ಇವರು: ನಿಮಗಿಂತ ಒಂದು ಸುತ್ತು ಮುಂದಿದ್ದ ಸಿಂದಗಿಯ ತಂಗಿ, ಇನ್ನೂ ಕಿಮೋದಲ್ಲಿರುವ ಮುದ್ದೇಬಿಹಾಳದ ಹುಡುಗಿ, ಆಪರೇಷನ್ ಆಗಿ ನಾಲ್ಕು ವರ್ಷ ದಾಟಿ ತಪಾಸಣೆಗೆ ಬರುವ ಬಾಗೇವಾಡಿ ಆಯಿ. ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನೀವು ಇಂಡಿ ಅಕ್ಕ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಪೂರ್ತಿ ದುಡ್ಡು ಕೊಟ್ಟು ಬರುತ್ತಿದ್ದ ನಿಮಗೆ, ಕ್ಯಾನ್ಸರಿನ ಚಿಕಿತ್ಸೆಗೆ ಹೋಗಿಬರುವವರಿಗೆ ಸ್ಲೀಪರಿನಲ್ಲಿ ಟಿಕೀಟೇ ಇಲ್ಲ, ಜೊತೆಯವರಿಗೆ ಕಾಲು ಭಾಗ ಸಾಕು ಎಂದು ಹೇಳಿದ್ದು ಆಯಿ. ಅದಕ್ಕೆ ದವಾಖಾನೆಯಿಂದ ಯಾವ ಅರ್ಜಿ ಬರೆಸಿಕೊಳ್ಳಬೇಕೆಂದು ಕೌಂಟರಿನ ತನಕ ಬಂದು ತೋರಿಸಿದ್ದೂ ಅವರೇ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ ಅನ್ನುವುದು ಗೋಡೆಯ ಮೇಲಿದ್ದರೂ, ಅದು ನಿಮಗೂ ಅನ್ವಯಿಸುತ್ತದೆ ಎಂದು ನಂಬಿಸಲು ಒಬ್ಬ ಹೆಂಗಸು ಬೇಕಾಯಿತು.

ಈಗ ಸಂಜೆಯ ಭೇಟಿಯ ಹೊತ್ತು. ಆಯಿ ಚೀಲ ಬಿಚ್ಚುತ್ತಾರೆ. ಒಳಗಿರುವುದು ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಸಣ್ಣ ದಿಂಬು. ಊರಲ್ಲಿ ಕೌದಿ ಹೊಲಿಯುವ ಕೈಯ ಹೊಲಿಗೆ ಅದು.

"ಕೈ ಮೈಗೆ ಹತ್ತಿದ್ರ ಬಗಲಾಗ ಉರೀತೈತಿ. ಇದನ್ನ ಬಗಲಾಗ ಇಟ್ಕೊಂಡು ಮಲಕ್ಕೋ. ಮತ್ತ ಇದು ನೋಡು," ಉದ್ದ ಹಿಡಿಕೆಯ ಬಟ್ಟೆ ಚೀಲ ತೆಗೆಯುತ್ತಾರೆ. "ಗಾಯದಾಗಿಂದ ಒಂದು ನಳಿಗಿ ಬಿಟ್ಟಿರ್ತಾರ. ಅದರ ತುದೀಗೆ ಡಬ್ಬಿ. ಅದನ್ನ ಕೈಯಾಗ ಹಿಡಕೊಂಡು ತಿರಗಬ್ಯಾಡ, ಇದರಾಗ ಹಾಕಿ ಕೊಳ್ಳಿಗೆ ನೇತಾಕ್ಕೋ. ಕೆಂಪಗ ನೀರು ಬರತೈತಿ, ರಕ್ತ ಹೊಂಟೈತಂತ ಚೀರಬ್ಯಾಡ. ದಿನಾ ಅಳದು ಬರೀತಾರ."

ಆ ನೀರು ಸಾಮಾನ್ಯವಾಗಿ ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ನಳಿಗೆ ತೆಗೆಯುತ್ತಾರೆ. ಒಂದು ವಾರ ಆಗಬಹುದು, ಹೆಚ್ಚೂ ಆಗಬಹುದು. ನಳಿಗೆಯೊಡನೆಯೇ ಮನೆಗೆ ಕಳಿಸುವುದೂ ಉಂಟು.

ಮುಂದೆ ಗುಂಡಿ ಇರುವ ಸಡಿಲ ಕುಪ್ಪಸ ತಂದಿದ್ದೀರಾ ಎಂದು ತಂಗಿ ವಿಚಾರಿಸುತ್ತಾಳೆ. ತಲೆಯ ಮೇಲಿಂದ ಹಾಕುವ ಬಟ್ಟೆ ಕೆಲ ದಿನ ಆಗುವುದಿಲ್ಲ. ಉಸಿರಿನ ವ್ಯಾಯಾಮಕ್ಕೆ ಕೊಟ್ಟ ಮೂರು ಗುಂಡಿನ ಡಬ್ಬಿಯ ಕೊಳವೆಯನ್ನು ಬಾಯಲ್ಲಿಟ್ಟು ಉಸಿರು ಎಳೆಯಲು ಹಚ್ಚುತ್ತಾಳೆ. ಎರಡು ಗುಂಡು ಏರುತ್ತವೆ, ಮೂರನೆಯದು ಏಳುವುದಿಲ್ಲ. "ಮಿಶ್ರಿ ಹಚ್ಚೂದು ಬಿಟ್ಟೀರಿಲ್ಲ?" ಅನ್ನುತ್ತಾಳೆ. ಡಾಕ್ಟರು ಕೇಳಿದಾಗ ತಲೆಯಾಡಿಸಿದ್ದಿರಿ. ಇವಳ ಮುಂದೆ ಸುಳ್ಳು ಬರುವುದಿಲ್ಲ: "ನಿನ್ನೆ ತನಕ ಸ್ವಲ್ಪ." ತಂಗಿ ನಗುವುದಿಲ್ಲ. ತಂಬಾಕು ರಕ್ತನಾಳಗಳನ್ನು ಬಿಗಿಸುತ್ತದೆ, ಗಾಯ ಕೂಡುವುದು ತಡವಾಗುತ್ತದೆ ಎಂದು ತನಗೆ ಹೇಳಿದ್ದನ್ನು ನಿಮಗೆ ಹೇಳಿ, ಮಿಶ್ರಿಯ ಡಬ್ಬಿಯನ್ನು ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. "ಸಿಸ್ಟರ್‌ಗೂ ಖರೇ ಹೇಳ್ರಿ. ಮದ್ದು ಕೊಡವ್ರಿಗೆ ಅದು ಗೊತ್ತಿರಬೇಕು."

ಮುದ್ದೇಬಿಹಾಳದ ಹುಡುಗಿ ಹೆಚ್ಚು ಮಾತಾಡಿಲ್ಲ. ಅವಳ ಗಂಟು ಚಿಕ್ಕದು, ಒಂದೇ ಕಡೆ ಇದೆ. ಗಂಟನ್ನಷ್ಟೇ ತೆಗೆದು ಮೊಲೆ ಉಳಿಸುತ್ತೇವೆ ಎಂದಿದ್ದಾರೆ. ನಿಮ್ಮದು ಒಂದೇ ಮೊಲೆಯಲ್ಲಿ ಎರಡು ಕಡೆ ಇರುವುದರಿಂದ ಪೂರ್ತಿ ತೆಗೆಯಬೇಕು. ಅವಳನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ, ಹಾಗೆ ಹಿಂಡಿದ್ದಕ್ಕೆ ನಾಚಿಕೆಯೂ ಆಗುತ್ತದೆ. "ಆಕೀದು ಉಳಸ್ತಾರ, ನಂದ್ಯಾಕ ಇಲ್ಲ?" ಕೊನೆಗೂ ಬಾಯಿಬಿಡುತ್ತೀರಿ.

ಆಯಿ ಹೇಳುತ್ತಾರೆ: "ಮಂದಿ ರಿಪೋರ್ಟ್ ನೋಡಿ ನಮ್ಮ ಹಣೇಬಾರ ಓದಬಾರ್ದು ಯವ್ವಾ. ಅದನ್ನ ಡಾಕ್ಟರ್‌ಗೆ ಕೇಳು. ನನ್ನ ಕೇಳಬ್ಯಾಡ."

ರಾತ್ರಿ ರೌಂಡಿಗೆ ಬಂದ ಡಾಕ್ಟರನ್ನು ಕೇಳುತ್ತೀರಿ. ಅವರು ಮಂಚದ ಅಂಚಿಗೆ ಕೂತು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಹಾಲ್‌ಸ್ಟೆಡ್ ಎದೆಯ ಸ್ನಾಯುಗಳನ್ನೂ ಸೇರಿಸಿ ತೆಗೆಯುವ ಪದ್ಧತಿ ತಂದರು. ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂದು ಮುಕ್ಕಾಲು ಶತಮಾನ ನಂಬಿದ್ದರು. ಬರ್ನಾರ್ಡ್ ಫಿಶರ್ ಎಂಬ ಸರ್ಜನ್ ಸಾವಿರಾರು ಹೆಂಗಸರ ಮೇಲೆ ಅಧ್ಯಯನ ನಡೆಸಿ ಅದು ನಿಜವಲ್ಲ ಎಂದು ತೋರಿಸಿದರು. ಗಂಟು ಚಿಕ್ಕದಿದ್ದವರಲ್ಲಿ ಮೊಲೆ ಉಳಿಸಿ ರೇಡಿಯೇಷನ್ ಕೊಟ್ಟರೂ, ಪೂರ್ತಿ ತೆಗೆದರೂ ಬದುಕುವವರ ಪ್ರಮಾಣ ಒಂದೇ ಎಂಬುದು 20 ವರ್ಷ ಹಿಂಬಾಲಿಸಿ ನೋಡಿದ ಮೇಲೆ 2002ರಲ್ಲಿ ಪ್ರಕಟವಾಯಿತು. ನಿಮ್ಮಲ್ಲಿ ಗಂಟುಗಳು ಬೇರೆಬೇರೆ ಮೂಲೆಯಲ್ಲಿವೆ, ಅದಕ್ಕೇ ಪೂರ್ತಿ. ಸ್ನಾಯು ಉಳಿಯುತ್ತದೆ. ಬಗಲಿನ ದುಗ್ಧಗ್ರಂಥಿಗಳನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. "ಚಾಕು ತಾಕಿದ್ರ ಹಬ್ಬತೈತಂತಾರಲ್ರೀ?" ಎಂದೂ ಕೇಳಿಬಿಡುತ್ತೀರಿ. ಇಲ್ಲ ಎಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ತಡ ಮಾಡಿದರೆ ಹಬ್ಬುತ್ತದೆ.

ಭೇಟಿಯ ಹೊತ್ತು ಮುಗಿಯುವ ಮೊದಲೇ ಇನ್ನೊಂದು ನಡೆದಿತ್ತು. ಸಿಂದಗಿಯ ತಂಗಿ ನಿಮ್ಮ ಕೈಹಿಡಿದು ಬಚ್ಚಲಿಗೆ ಕರೆದೊಯ್ದು ಚಿಲಕ ಹಾಕಿದ್ದಳು. "ನೋಡ್ತೀರೇನ್ರೀ? ಬ್ಯಾಡಂದ್ರ ಬ್ಯಾಡ." ನೀವು ಹೂಂ ಅಂದಿರಿ. ಅವಳು ಗುಂಡಿ ಬಿಚ್ಚಿದಳು.

ವಾರಗಟ್ಟಲೆ ನಿಮ್ಮ ಕಣ್ಣಮುಂದಿದ್ದದ್ದು ಒಂದು ಹಳ್ಳ, ಹಸಿ ಮಾಂಸ. ಇಲ್ಲಿ ಇದ್ದದ್ದು ಸಪಾಟಾದ ಚರ್ಮ, ಎದೆಯ ನಡುವಿನಿಂದ ಬಗಲಿನ ಕಡೆಗೆ ಹೋದ ಒಂದು ಗೆರೆ, ಅದರ ಕೆಳಗೆ ನಳಿಗೆ ಇದ್ದ ಜಾಗದ ಚುಕ್ಕೆ. ಗೆರೆಯ ಒಂದು ತುದಿಯಲ್ಲಿ ಚರ್ಮ ಸ್ವಲ್ಪ ಸುಕ್ಕು. "ಮುಟ್ರಿ," ಅಂದಳು. ಬೆರಳಿಟ್ಟಿರಿ. ಬೆಚ್ಚಗಿತ್ತು. "ಇಲ್ಲಿ ನೀವು ಮುಟ್ಟಿದ್ದು ನನಗ ತಿಳಿಯಂಗಿಲ್ಲ. ತೋಳಿನ ಒಳಬಾಜೂಕೂ ಜೋಮು. ನರ ಕೊಯ್ದಿರ್ತಾರಂತ. ಮೊದ್ಲ ದಿನ ನೋಡಿ ನಾ ಅತ್ತೇನಿ. ನೀವೂ ಅಳ್ತೀರಿ. ಆದ್ರ ನೋಡೂದು ಬಿಡಬ್ಯಾಡ್ರಿ. ನೋಡ್ದಿದ್ರ ಅಂಜಿಕಿ ದೊಡ್ಡದಾಗತೈತಿ."

ಇದನ್ನು ನಿಮಗೆ ತೋರಿಸಬಲ್ಲವರು ಆ ದೊಡ್ಡ ಕಟ್ಟಡದಲ್ಲಿ ಅವಳಂಥವರಷ್ಟೇ.

ಊಟ ಮುಗಿಸುತ್ತೀರಿ. ಇನ್ನು ಗಟ್ಟಿ ಪದಾರ್ಥ ಇಲ್ಲ. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು. ಆಮೇಲೆ ಆಯಿ ಹೇಳಿಹೋದ ಕೆಲಸ ಒಂದು ಉಳಿದಿದೆ. ಬಳೆ, ತಾಳಿ, ಕಾಲುಂಗುರ. ಆಪರೇಷನ್ನಿನಲ್ಲಿ ಕರೆಂಟಿನ ಉಪಕರಣದಿಂದ ರಕ್ತ ನಿಲ್ಲಿಸುವುದರಿಂದ ಮೈಮೇಲಿನ ಲೋಹ ಸುಡಬಹುದು. ಕೈ ಬಾತರೆ ಬಳೆ ಬಿಗಿಯುತ್ತದೆ. ಕಾರಣ ತಿಳಿದರೂ ಹಸಿರು ಬಳೆಗೆ ಕೈಹಾಕಿದಾಗ ಕಣ್ಣು ತುಂಬುತ್ತದೆ. ಅತ್ತೆಗೆ ಬಳೆ ತೆಗೆಸಿದ ದಿನ ನೀವು ಆ ಪಡಸಾಲೆಯಲ್ಲಿದ್ದಿರಿ. "ಮುಂಜಾನಿ ಗಡಿಬಿಡಿಯಾಗ ಮಂದಿ ಕೈಲೆ ತೆಗಸ್ಕೋಬ್ಯಾಡ," ಎಂದಿದ್ದರು ಆಯಿ. "ರಾತ್ರಿನ ತೆಗದು ಗಂಡನ ಕೈಯಾಗ ಕೊಡು. ಹೊರಗ ಬಂದ ಮ್ಯಾಲೆ ಅವನ ಕೈಲೇನ ಹಾಕಿಸ್ಕೋ." ಸೋಪು ಹಚ್ಚಿ ಒಂದೊಂದಾಗಿ ತೆಗೆಯುತ್ತೀರಿ, ಒಂದೂ ಒಡೆಯುವುದಿಲ್ಲ. ವರಾಂಡದಲ್ಲಿ ನಿಮ್ಮ ಯಜಮಾನರು ಎಲ್ಲವನ್ನೂ ಟವೆಲಿನಲ್ಲಿ ಗಂಟುಕಟ್ಟಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ಇಬ್ಬರೂ ಮಾತಾಡುವುದಿಲ್ಲ, ಆದರೆ ಈ ದವಾಖಾನೆಗೆ ಬಂದ ಮೇಲೆ ಅವರು ನಿಮ್ಮನ್ನು ನೇರವಾಗಿ ನೋಡಿದ್ದು ಇದೇ ಮೊದಲು.

ನಿಮಗೆ ಸಿಕ್ಕ ಈ ಆಸರೆಗೆ ಬೇರೆ ದೇಶದಲ್ಲಿ ಒಂದು ಚರಿತ್ರೆಯೂ ಇದೆ. ಟೆರೆಸ್ ಲಾಸರ್ ಎಂಬ ಅಮೆರಿಕದ ಹೆಂಗಸಿಗೆ 1952ರಲ್ಲಿ ಮೊಲೆ ತೆಗೆಯುವ ಆಪರೇಷನ್ ಆಯಿತು. ಕೈ ಹೇಗೆ ಎತ್ತಬೇಕು, ಏನು ತೊಡಬೇಕು, ಮನೆಯಲ್ಲಿ ಏನು ಹೇಳಬೇಕು ಎಂದು ತನಗೆ ಹೇಳುವವರು ಯಾರೂ ಇರಲಿಲ್ಲವೆಂದು ಅವರು ಇತರ ರೋಗಿಗಳ ಮಂಚದ ಬಳಿಗೆ ತಾವೇ ಹೋಗತೊಡಗಿದರು. ಕೈಯಲ್ಲಿ ವ್ಯಾಯಾಮದ ಹಗ್ಗ, ರಬ್ಬರಿನ ಚೆಂಡು. ಎಷ್ಟೋ ಡಾಕ್ಟರುಗಳಿಗೆ ಅದು ಹಿಡಿಸಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಜೊತೆಗಾರರಿಂದ ಆಯುಷ್ಯವೂ ಹೆಚ್ಚುತ್ತದೆ ಎಂಬ ಆಸೆ 1989ರ ಒಂದು ಅಧ್ಯಯನದಿಂದ ಹುಟ್ಟಿತ್ತು. ರೋಗ ಮೈಯೆಲ್ಲ ಹಬ್ಬಿದ 235 ಹೆಂಗಸರನ್ನು ನೋಡಿದ 2001ರ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆದರೆ ಒಟ್ಟಿಗೆ ಕೂತು ಮಾತಾಡಿದವರಲ್ಲಿ ಮನಸ್ಸಿನ ಸಂಕಟ ಇಳಿಯಿತು, ನೋವೂ ಕಡಿಮೆ ಅನ್ನಿಸಿತು. ಅಷ್ಟು ಸಣ್ಣ ಮಾತಲ್ಲ. ಈ ರಾತ್ರಿ ನಿಮಗೆ ನಿದ್ದೆ ಬಂದದ್ದೇ ಅದಕ್ಕೆ ಸಾಕ್ಷಿ.

ಮುಂಜಾನೆ ಜಳಕ, ಹಿಂದೆ ಕಟ್ಟುವ ಹಸಿರು ನಿಲುವಂಗಿ, ತಳ್ಳುವ ಮಂಚ. ಛಾವಣಿಯ ದೀಪಗಳು ಒಂದೊಂದಾಗಿ ತಲೆಯ ಮೇಲೆ ಹಾದುಹೋಗುತ್ತವೆ. ಬಾಗಿಲೊಳಗೆ ತಣ್ಣಗಿದೆ. ತಂಗಿ ಹೇಳಿದ್ದಳು, ಚಳಿ ಹತ್ತಿದರೆ ಕೇಳಿ, ಹೊದಿಕೆ ಕೊಡುತ್ತಾರೆ. ಕೇಳುತ್ತೀರಿ, ಕೊಡುತ್ತಾರೆ. ಬಲಗೈಗೆ ಸೂಜಿ ಚುಚ್ಚುತ್ತಾರೆ. "ಯಾವ ಕಡೆ ಅಮ್ಮಾ?" "ಎಡಗಡೆ!" ಮಾಸ್ಕಿನ ಹಿಂದಿನ ಕಣ್ಣುಗಳು ಆ ಜೋರಿಗೆ ನಗುತ್ತವೆ.

ಮತ್ತೆ ಕಣ್ಣು ಬಿಟ್ಟಾಗ ಗಂಟಲು ಒಣಗಿದೆ, ಎದೆ ಬಿಗಿದು ಕಟ್ಟಿದೆ, ಬಗಲಲ್ಲಿ ಇಳಕಲ್ ಸೀರೆಯ ದಿಂಬು. ಮರುದಿನದಿಂದಲೇ ಮುಷ್ಟಿ ಕಟ್ಟಿ ಬಿಚ್ಚುವುದು, ಮೊಣಕೈ ಮಡಿಸುವುದು. ನಳಿಗೆ ತೆಗೆದ ಮೇಲೆ ಬೆರಳುಗಳಿಂದ ಗೋಡೆ ಏರುವುದು, ಎಡಗೈಯಿಂದ ತಲೆ ಬಾಚಿಕೊಳ್ಳುವುದು. ಕಿಮೋದಲ್ಲಿ ಉದುರಿದ ಕೂದಲು ಈಗಷ್ಟೇ ಚಿಗುರಿರುವುದರಿಂದ ಬಾಚಲು ಹೆಚ್ಚೇನೂ ಇಲ್ಲ, ಆದರೂ ಬಾಚಬೇಕು. ಇಲ್ಲದಿದ್ದರೆ ಹೆಗಲು ಸೆಟೆಯುತ್ತದೆ.

ಎಡಗೈಯನ್ನು ಜೀವಮಾನವಿಡೀ ಕಾಯಬೇಕು ಎಂದು ಡಾಕ್ಟರು ಹೇಳುತ್ತಾರೆ. ಬಗಲಿನ ದುಗ್ಧಗ್ರಂಥಿ ತೆಗೆದ ಮೇಲೆ ಆ ಕೈಯ ದುಗ್ಧರಸ ಸರಿಯಾಗಿ ಹರಿಯದೆ ಬಾವು ಬರಬಹುದು. ಗಾಯ, ಸುಟ್ಟಗಾಯ, ಸೋಂಕು ಆಗದಂತೆ ನೋಡಿಕೊಳ್ಳಬೇಕು. ಅದನ್ನು ಅಗರಖೇಡದ ಬದುಕಿಗೆ ಒಗ್ಗಿಸುವವರು ಆಯಿ. "ಲಿಂಬಿ ಹರಿಯಾಕ ಹ್ವಾದ್ರ ದಪ್ಪನ್ನ ಕೈಚೀಲ ಹಾಕ್ಕೋ, ಮುಳ್ಳು ಚುಚ್ಚಬಾರ್ದು. ರೊಟ್ಟಿ ಬಡಿ, ಆದ್ರ ಹಂಚಿನ ಮ್ಯಾಲಿಂದು ಬಲಗೈಲೆ ತಿರುವು. ತುಂಬಿದ ಕೊಡ ಎಡಕ್ಕ ಬ್ಯಾಡ. ಕೈ ಭಾರ ಅನಿಸಿದ್ರ, ಬಿಗಿದ್ರ, ಅದ ದಿನ ತೋರಿಸು, ಹಬ್ಬ ಮುಗೀಲಿ ಅನ್ಬ್ಯಾಡ."

ಪರೀಕ್ಷೆಯ ವರದಿ ಇನ್ನೂ ಬರಬೇಕು. ರೇಡಿಯೇಷನ್ ಇದೆ, ಪ್ರಾಯಶಃ ವರ್ಷಗಟ್ಟಲೆ ನುಂಗುವ ಮಾತ್ರೆಯೂ ಇದೆ. ಅವುಗಳ ಲೆಕ್ಕ ದವಾಖಾನೆಯ ಕಾಗದದಲ್ಲಿರುತ್ತದೆ. ಆಯಿಯ ದಿಂಬು, ತಂಗಿ ತೆರೆದ ಗುಂಡಿ ಯಾವ ಕಾಗದದಲ್ಲೂ ಇರುವುದಿಲ್ಲ. ಒಂದೇ ತಾರೀಖು ಬಿತ್ತೆಂಬ ಅದೃಷ್ಟದಿಂದ ಅವು ನಿಮಗೆ ದಕ್ಕಿದವು. ಆ ಅದೃಷ್ಟ ಇಲ್ಲದ ಹೆಣ್ಣುಮಕ್ಕಳು ಅದೇ ವಾರ್ಡಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ.

ಅದನ್ನು ಅದೃಷ್ಟಕ್ಕೆ ಬಿಡಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಡೆಯಿಂದ ಗುಣವಾದವರು ತಪಾಸಣೆಗೆಂದು ಬರುತ್ತಲೇ ಇರುತ್ತಾರೆ. ಆಪರೇಷನ್ನಿನ ಹಿಂದಿನ ದಿನ ಪ್ರತಿ ಹೆಂಗಸಿನ ಮಂಚದ ಬದಿಗೆ ಅವಳ ಮಾತು ಆಡುವ ಅಂಥ ಒಬ್ಬಳನ್ನು ಕೂಡಿಸಬಹುದು. ಅವಳಿಗೆ ಒಂದಿಷ್ಟು ತರಬೇತಿ ಬೇಕು, ಯಾವುದನ್ನು ತಾನು ಹೇಳಬೇಕು, ಯಾವುದನ್ನು ಡಾಕ್ಟರಿಗೆ ಬಿಡಬೇಕು ಎಂಬ ತಿಳಿವಳಿಕೆ ಬೇಕು, ಊಟದ ಖರ್ಚು ಬೇಕು, ಒಂದು ಸ್ಟೂಲು ಬೇಕು. ಆ ತಿಳಿವಳಿಕೆ ಬಾಗೇವಾಡಿ ಆಯಿಗೆ ಆಗಲೇ ಇದೆ. ಅವರನ್ನು ಕರೆದು ಕೂಡಿಸುವುದಷ್ಟೇ ಉಳಿದಿದೆ.