ಮಸ್ಕಿಯಿಂದ ಸನ್ನತಿಗೆ

ಪ್ರವಾಸವೆಂದೊಡನೆ ನಮ್ಮ ಕಡೆಯವರ ಮನಸ್ಸು ದಕ್ಷಿಣಕ್ಕೆ ಹೊರಳುತ್ತದೆ. ಹಂಪೆಯಾಯಿತು, ಬೇಲೂರು ಹಳೇಬೀಡುಗಳಾದವು, ಮೈಸೂರಿನ ಅರಮನೆಯಾಯಿತು. ಕಾಲೇಜಿನ ಪ್ರವಾಸದ ಬಸ್ಸು ಆ ದಾರಿಯನ್ನು ಕಣ್ಣು ಮುಚ್ಚಿಕೊಂಡೇ ಬಲ್ಲದು. ಪ್ರವಾಸಕ್ಕೆ ಹೋಗುವವರಷ್ಟೇ ಏಕೆ, ಹೊಟ್ಟೆಪಾಡಿಗೆ ಹೋಗುವವರೂ ಹೆಚ್ಚಾಗಿ ದಕ್ಷಿಣಕ್ಕೇ ಹೋಗುತ್ತಾರೆ. ಮಳೆ ಹೋದ ವರ್ಷ ಮುದಗಲ್ಲಿನ ಸುತ್ತಲಿನ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಸಂಸಾರಗಳನ್ನು ನಾವೆಲ್ಲ ಕಂಡವರೇ. ಅದಕ್ಕೆ ನಮ್ಮಲ್ಲಿ ಗುಳೆ ಹೋಗುವುದು ಎನ್ನುತ್ತಾರೆ. ಹೀಗಿರಲು ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋಗಿ ನೋಡಬೇಕೆಂಬ ಆಸೆ ನನಗೂ ನನ್ನ ಗೆಳೆಯನಿಗೂ ಹುಟ್ಟಿದ್ದು ಇತಿಹಾಸದ ಒಂದು ತರಗತಿಯಲ್ಲಿ.

ಅಂದು ಅಧ್ಯಾಪಕರು ಪಾಠದ ನಡುವೆ ಒಂದು ಮಾತು ಹೇಳಿದರು. ಅಶೋಕ ಚಕ್ರವರ್ತಿಯ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ, ಅವನ ಮುಖ ಸಿಕ್ಕಿದ್ದು ಸನ್ನತಿಯ ಬಳಿ. ಎರಡರ ನಡುವೆ ಒಂದು ದಿನದ ದಾರಿ, ಆದರೆ ಎರಡನ್ನೂ ಕಂಡವರು ಈ ತರಗತಿಯಲ್ಲಿ ಎಷ್ಟು ಮಂದಿ ಎಂದು ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ನನ್ನ ಪಕ್ಕೆಗೆ ತಿವಿದು, "ಲೇ, ಹೆಸರು, ಮಾರಿ ಎರಡೂ ನೋಡ್ಕೊಂಡು ಬರಾಮೇನು?" ಎಂದ. "ಗಾಡಿ ಎಲ್ಲೈತಿ?" ಎಂದೆ. "ಅಣ್ಣಂದು ಐತಲ್ಲ" ಎಂದ.

ಆ ಗಾಡಿಯ ವಿಚಾರ ಎರಡು ಮಾತು ಹೇಳಬೇಕು. ಗೆಳೆಯನ ಅಣ್ಣ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ, ಕಂತಿನ ಮೇಲೆ ಕೊಂಡ ಮೋಟಾರು ಸೈಕಲ್ಲು ಅದು. ವರ್ಷದಲ್ಲಿ ಹತ್ತು ತಿಂಗಳು ಮನೆಯ ಪಡಸಾಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿರುತ್ತದೆ. ಅವರ ತಾಯಿಗೆ ಅದರ ಮೇಲೆ ಎತ್ತಿನ ಮೇಲಿನಷ್ಟೇ ಅಕ್ಕರೆ. ಸಂಕ್ರಾಂತಿ ಮುಗಿದ ವಾರ ನಾವು ಹೊರಟಾಗ ಆಕೆ ನಮಗಿಂತ ಮೊದಲು ಗಾಡಿಗೆ ಕುಂಕುಮ ಹಚ್ಚಿದರು. ಆಮೇಲೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಗಳ ಗಂಟನ್ನು ನನ್ನ ಕೈಗಿತ್ತು, "ಯಪ್ಪಾ, ಸಾವಕಾಶ ಹೋಗ್ರಿ" ಎಂದರು.

ಮುದಗಲ್ಲಿನ ಕೋಟೆಯನ್ನು ಬಲ್ಲ ನಮ್ಮ ವಾಚಕರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಳವರೆಗೆ ಕಾದಾಡಿದರು. 1406ರ ಯುದ್ಧಕ್ಕೆ ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳೇ ಕಾರಣವೆಂದು ಫಿರಿಸ್ತಾ ಬರೆದಿಟ್ಟಿದ್ದಾನೆ. ಕೋಟೆಯ ಬಾಗಿಲನ್ನು ಬೆನ್ನಿಗೆ ಹಾಕಿ ಒಳರಸ್ತೆ ಹಿಡಿದು ಮೊದಲು ಮಸ್ಕಿಗೆ ಹೋದೆವು. ಉತ್ತರದ ಪ್ರಯಾಣವನ್ನು ದಕ್ಷಿಣದ ಕಡೆಯಿಂದ ಆರಂಭಿಸಿದ ಬುದ್ಧಿವಂತರು ನಾವೇ ಇರಬೇಕು. ಆದರೆ ಹೆಸರು ಕೇಳಿಕೊಳ್ಳದೆ ಮುಖ ನೋಡಲು ಹೋಗುವುದು ಹೇಗೆ?

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನ ಕೇವಲ ಎಂಟು ಸಾಲಿನದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೂ, ದೇಶದ ನಾನಾ ಕಡೆಯ ಬಂಡೆ ಕಂಬಗಳ ಮೇಲೆ ಸಿಗುತ್ತಿದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಸಿಂಹಳದ ಗ್ರಂಥಗಳ ಆಧಾರದಿಂದ ಆ ದೊರೆ ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಶಾಸನವನ್ನು ಕಂಡಾಗ, ಮೊದಲ ಸಾಲಿನಲ್ಲೇ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರಿತ್ತು. ಮುಂದೆ ನಿಟ್ಟೂರು, ಉಡೇಗೋಳ, ಮಧ್ಯಪ್ರದೇಶದ ಗುಜರ್ರಾಗಳಲ್ಲಿಯೂ ಆ ಹೆಸರು ದೊರಕಿತು. ಆದರೆ ಮೊದಲ ಸಾಕ್ಷಿ ನುಡಿದದ್ದು ನಮ್ಮ ಬಂಡೆ.

ನಾನು ಟಿಪ್ಪಣಿ ಪುಸ್ತಕ ತೆಗೆದು ಶಾಸನದ ತಾತ್ಪರ್ಯವನ್ನು ಗೆಳೆಯನಿಗೆ ಓದಿ ಹೇಳಿದೆ. ಧರ್ಮದಲ್ಲಿ ತೊಡಗಿದವನು ಸಣ್ಣವನಾದರೂ ಈ ಫಲವನ್ನು ಪಡೆಯಬಲ್ಲನು. ಇದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು. ಇದನ್ನು ದೊಡ್ಡವರಿಗೂ ಸಣ್ಣವರಿಗೂ ಹೇಳಬೇಕು ಎಂಬುದು ಅದರ ಸಾರ. ಗೆಳೆಯ ಬಹಳ ಹೊತ್ತು ಬಂಡೆಯನ್ನೇ ನೋಡುತ್ತಿದ್ದ. "ಸಣ್ಣಾವ ಅಂದ್ರ ನಮ್ಮಂಥವ್ರು ಏನಲೇ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಅಲ್ಲಿಂದ ಹೆದ್ದಾರಿ ಹಿಡಿದು ಲಿಂಗಸುಗೂರು ದಾಟಿ, ಕೊಂಚ ಬಳಸಿ ಹಟ್ಟಿಯ ಚಿನ್ನದ ಗಣಿಯ ಊರನ್ನು ಹೊಕ್ಕು ಬಂದೆವು. ಬಾವಿಗಳ ಮೇಲೆ ನಿಂತ ಉಕ್ಕಿನ ಗೋಪುರಗಳು ದೂರದಿಂದಲೇ ಕಾಣುತ್ತವೆ. 1947ರಲ್ಲಿ ಹೈದರಾಬಾದು ಸಂಸ್ಥಾನದ ಕಾಲಕ್ಕೆ ಈಗಿನ ಕಂಪನಿ ಹುಟ್ಟಿತು. ಅದಕ್ಕೂ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಇಲ್ಲಿಯ ಜನ ಕಲ್ಲಿನ ಸಂದಿಯನ್ನು ಬೆನ್ನಟ್ಟಿ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಅಶೋಕನ ಶಾಸನಗಳು ದಕ್ಷಿಣದಲ್ಲಿ ಈ ಚಿನ್ನದ ಸೀಮೆಯಲ್ಲೇ ಇಷ್ಟೊಂದು ಏಕೆ ಎಂಬ ಪ್ರಶ್ನೆಗೆ ಕೆಲವು ಇತಿಹಾಸಕಾರರು ಈ ಗಣಿಗಳತ್ತ ಬೆರಳು ತೋರಿಸುತ್ತಾರೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನಕ್ಕೆ ಹಟ್ಟಿಯದೇ ದೊಡ್ಡ ಹೆಸರು.

ತಿಂಥಣಿಯ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆವು. ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಹರಿದು ಹಂಚಿಹೋಗಿದ್ದಳು. ದಂಡೆಯಲ್ಲಿ ಮೌನೇಶ್ವರರ ಸನ್ನಿಧಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಈ ಸ್ಥಳ, ಊರೆಲ್ಲ ಒಂದಾಗಿ ಮೊಹರಂ ಆಚರಿಸುವ ಮುದಗಲ್ಲಿನವರಾದ ನಮಗೆ ಹೊಸತೆನಿಸಲಿಲ್ಲ. ನಂಟರ ಮನೆಗೆ ಬಂದಂತಾಯಿತು.

ರಾತ್ರಿ ಸುರಪುರದಲ್ಲಿ ಸಹಪಾಠಿಯೊಬ್ಬನ ಸೋದರಮಾವನ ಮನೆಯಲ್ಲಿ ತಂಗಿದೆವು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಆ ಹಿರಿಯರು ಹೇಳಿದ ಕಥೆ ಪಠ್ಯಪುಸ್ತಕದ ಎರಡು ಸಾಲಿಗಿಂತ ದೊಡ್ಡದು. 1841ರ ಬಳಿಕ ಬಾಲಕ ರಾಜ ವೆಂಕಟಪ್ಪ ನಾಯಕನ ರಾಜ್ಯವನ್ನು ನೋಡಿಕೊಳ್ಳಲು ಬ್ರಿಟಿಷರು ಕಳುಹಿದ ಮೆಡೋಸ್ ಟೇಲರನನ್ನು ಆ ಹುಡುಗ 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. ಅದೇ ಹುಡುಗ ಬೆಳೆದು 1858ರಲ್ಲಿ ಬ್ರಿಟಿಷರ ಮೇಲೆ ಕತ್ತಿ ಹಿರಿದ. ಸೆರೆ ಸಿಕ್ಕು, ಅದೇ ವರ್ಷ ಗುಂಡೇಟಿನಿಂದ ಪ್ರಾಣ ಬಿಟ್ಟ. ಬೆಳಿಗ್ಗೆ ಗುಡ್ಡ ಹತ್ತಿ ಟೇಲರನ ಬಂಗಲೆಯನ್ನು ಕಂಡೆವು.

ಶಹಾಪುರವನ್ನು ಸಮೀಪಿಸುವಾಗ ಗುಡ್ಡಗಳ ಸಾಲೊಂದು ಮಲಗಿದ ಬುದ್ಧನಂತೆ ತೋರುತ್ತದೆ: ಹಣೆ, ಮೂಗು, ಗದ್ದ, ಎದೆ. ಯಾರೂ ಕೆತ್ತಿದ್ದಲ್ಲ. ನಾರಾಯಣಪುರದ ಅಣೆಕಟ್ಟಿನ ಕಾಲುವೆ ಹರಿದಲ್ಲಿ ಭತ್ತದ ಹಸಿರು. ಕಾಲುವೆ ತಪ್ಪಿದಲ್ಲಿ ನಮ್ಮೂರಿನಂತೆಯೇ ಎರೆಹೊಲ, ಹತ್ತಿ, ತೆನೆ ಹೊತ್ತ ಬಿಳಿಜೋಳ. ಅಂಥ ಒಂದು ಹೊಲದ ಬದಿಯಲ್ಲಿ ಗಾಡಿಯ ಚೈನು ಕಳಚಿಬಿತ್ತು. ಗೆಳೆಯ ಅಂಗಿಯ ತೋಳು ಮಡಚಿ, ಕಾಲು ಗಂಟೆಯೊಳಗೆ ಸರಿಪಡಿಸಿದ. ಹೊಲದ ಯಜಮಾನರು ಎಳೆಯ ತೆನೆ ಸುಟ್ಟು ಸೀತನಿ ಕೊಟ್ಟು, "ಯಾವ ಊರವರಪಾ?" ಎಂದು ಕೇಳಿದರು. "ಮುದಗಲ್ಲು" ಎಂದಾಗ, "ಕಲ್ಲು ನೋಡಾಕ ಅಷ್ಟು ದೂರದಿಂದ ಬಂದೀರಾ!" ಎಂದು ಅಚ್ಚರಿಪಟ್ಟರು.

ಭೀಮೆಯನ್ನು ದಾಟಿದರೆ ಸನ್ನತಿ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಅದರ ಪೀಠವಾಗಿದ್ದ ಚಪ್ಪಡಿಯ ಮೇಲೆ ಕಂಡದ್ದು ಅಶೋಕನ ಶಾಸನ. ಅನ್ಯರ ಮತವನ್ನೂ ಗೌರವಿಸಬೇಕೆಂದು ಸಾರುವ 12ನೆಯ ಶಾಸನವೂ ಅದರಲ್ಲಿದೆ. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯ ನಡುವೆಯೇ ತೂತು ಕೊರೆದಿದ್ದರು.

ಸಮೀಪದ ಕನಗನಹಳ್ಳಿಯಲ್ಲಿ ಪುರಾತತ್ತ್ವ ಇಲಾಖೆಯವರು 1994ರಿಂದ ಕೆಲವು ವರ್ಷ ಅಗೆದು ಒಂದು ಮಹಾಸ್ತೂಪವನ್ನು ಹೊರತೆಗೆದರು. ಅದರ ಶಿಲಾಫಲಕಗಳಲ್ಲಿ ಒಂದರ ಮೇಲೆ ಒಬ್ಬ ರಾಜ, ರಾಣಿ, ಛತ್ರ ಚಾಮರಗಳನ್ನು ಹಿಡಿದ ಸೇವಕಿಯರು. ಜೊತೆಗೆ ಬ್ರಾಹ್ಮಿಯಲ್ಲಿ ಎರಡು ಪದ: 'ರಾಯೋ ಅಸೋಕೋ'. ಅಶೋಕನು ಗತಿಸಿ ತಲೆಮಾರುಗಳಾದ ಮೇಲೆ ಕೆತ್ತಿದ್ದು. ಆದುದರಿಂದ ಇದು ಕಣ್ಣಾರೆ ಕಂಡು ಬಿಡಿಸಿದ ಚಿತ್ರವಲ್ಲ. ಆದರೂ ಹೆಸರು ಬರೆದು ತೋರಿಸಿದ ಅಷ್ಟು ಹಳೆಯ ಅಶೋಕ ಇವನೇ. ಬಿರುಕು ಬಿಟ್ಟ ಆ ಕಲ್ಲಿನ ಮುಂದೆ ಗೆಳೆಯ ಚೈನಿನ ಎಣ್ಣೆ ಅಂಟಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ. "ರಾಜ ಯಾರಂತ ಬರ್ದಾರ. ಇದನ್ನ ಕೆತ್ತಿದಾವನ ಹೆಸರು ಯಾಕ ಬರ್ದಿಲ್ಲಲೇ?" ಎಂದ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಲ್ಲ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಮರಳುವ ದಾರಿಯಲ್ಲಿ ತಿಂಥಣಿಯ ಸೇತುವೆಯ ಮೇಲೆ ಅವನು ತಾನಾಗಿಯೇ ಹೇಳಿದ: ಅಣ್ಣನಿಗೆ ಬೆನ್ನುನೋವು, ಗಾಡಿಯ ಕಂತು ಇನ್ನೂ ತೀರಿಲ್ಲ, ಈ ವರ್ಷದ ಪರೀಕ್ಷೆ ಮುಗಿದ ಮರುದಿನವೇ ತಾನು ಬೆಂಗಳೂರಿಗೆ ಹೋಗಬೇಕು, ಕೊನೆಯ ವರ್ಷಕ್ಕೆ ಕಾಲೇಜಿಗೆ ಬರುವುದು ಖಾತ್ರಿಯಿಲ್ಲ. "ಅದಕ್ಕ ಹೋಗೂದಕಿಂತ ಮೊದಲ ನಮ್ಮ ಸೀಮಿ ಒಮ್ಮೆ ನೋಡ್ಬೇಕು ಅನ್ನಿಸ್ತು" ಎಂದ. ನಾನು ಏನೂ ಅನ್ನಲಾರದೆ ಹೊಳೆಯನ್ನೇ ನೋಡುತ್ತಿದ್ದೆ. ಮುದಗಲ್ಲು ಸೇರಿದಾಗ ಕತ್ತಲಾಗಿತ್ತು. ಗಾಡಿ ಮೂರುನೂರು ಕಿಲೋಮೀಟರಿನ ಆಸುಪಾಸು ಓಡಿತ್ತು.

ನಮ್ಮ ಸೀಮೆ ಹಿಂದುಳಿದದ್ದು ಎಂಬ ಮಾತನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಮಳೆ, ನೀರು, ಕೂಲಿಗಳ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಒಬ್ಬ ಚಕ್ರವರ್ತಿ, ದೊಡ್ಡವನು ಪಡೆಯುವುದನ್ನು ಸಣ್ಣವನೂ ಪಡೆಯಬಲ್ಲನೆಂದು ಕಲ್ಲಿನ ಮೇಲೆ ಬರೆಸಲು ಆರಿಸಿದ ಸ್ಥಳಗಳಲ್ಲಿ ನಮ್ಮದೂ ಒಂದು. ಆ ಮಾತು ನಿಜವಾಗುವುದು ಬಂಡೆಯ ಕೈಯಲ್ಲಿಲ್ಲ.

ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ. ಕಳೆದ ವಾರ ಫೋನು ಮಾಡಿ ಮೂರು ಸಂಗತಿ ವಿಚಾರಿಸಿದ: ತಾಯಿ ಹೇಗಿದ್ದಾಳೆ, ಗಾಡಿಯನ್ನು ಆಗಾಗ ಚಾಲೂ ಮಾಡಿ ಇಡುತ್ತಿದ್ದೇನೆಯೆ, ಕೊನೆಯ ವರ್ಷದ ಶುಲ್ಕ ಕಟ್ಟಲು ಎಂದಿನವರೆಗೆ ಅವಕಾಶವಿದೆ. ಮೂರನೆಯದನ್ನು ಕಚೇರಿಯಲ್ಲಿ ಕೇಳಿ ಅಂದೇ ತಿಳಿಸಿದೆನು.