ಫಾರ್ಮ್ಯಾಟ್ ಒತ್ತುವ ಮುಂಚೆ...

ಸೋನಿಯವರ ಪಿಎಸ್‌ಪಿ ನೆನಪುಂಟಾ? ಎರಡೂ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂತು, 2014ರಲ್ಲಿ ಕಂಪನಿಯೇ ಪೂರೈಕೆ ನಿಲ್ಲಿಸಿತು. ಆದರೆ ನಮ್ಮ ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದ ಸಾಮಾನು ಅಷ್ಟು ಸುಲಭದಲ್ಲಿ ಮನೆ ಬಿಟ್ಟು ಹೋಗುವುದಿಲ್ಲ ನೋಡಿ. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಭಾವನ ಮಗನಿಗೆ. ಯಂತ್ರ ಗಟ್ಟಿ, ಕೈಕೊಡುವುದು ಮೆಮೊರಿ ಕಾರ್ಡು.

ಕಳೆದ ಮಳೆಗಾಲದಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಅಂಥದ್ದೊಂದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತಂದ. ಆಟಗಳ ಜಾಗದಲ್ಲಿ 'ಕರಪ್ಟೆಡ್ ಡೇಟಾ' ಅಂತ ಬರುತ್ತಿತ್ತು. ಫಾರ್ಮ್ಯಾಟ್ ಮಾಡಿದರೆ ಸರಿಯಾಗ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ.

"ಅದ್ರಲ್ಲಿ ಅಪ್ಪನ ಫೋಟೋ ಉಂಟು ಮಾಷ್ಟ್ರೇ."

ಅಪ್ಪ ರಜೆಯಲ್ಲಿ ಬಂದಾಗ ಫೋನಿನಿಂದ ಹಾಕಿಕೊಟ್ಟದ್ದು. ಆ ಫೋನು ದುಬೈಯಲ್ಲಿ ಕಳೆದುಹೋಗಿತ್ತು. ಬೇರೆ ಪ್ರತಿ ಎಲ್ಲೂ ಇಲ್ಲ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಫಾರ್ಮ್ಯಾಟ್‌ನಿಂದ ಎಷ್ಟೋ ತೊಂದರೆ ಹೋಗುತ್ತದೆ, ಆದರೆ ಒಳಗಿದ್ದದ್ದೂ ಹೋಗುತ್ತದೆ. ಆ ಎರಡನೇ ಮಾತನ್ನು ಯಾರೂ ಹೇಳುವುದಿಲ್ಲ!

ಮೊದಲು ಕಾರ್ಡು ತೆಗೆದು, ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ನಮ್ಮ ಜೂನ್-ಜುಲೈಯ ತೇವಕ್ಕೆ ಇಷ್ಟರಿಂದಲೇ ಸರಿಯಾಗುವುದೂ ಉಂಟು. (ಯಂತ್ರದ ಎಡಬದಿಯ ಕಿತ್ತಳೆ ದೀಪ ಮಿನುಗುವಾಗ ಮಾತ್ರ ಕಾರ್ಡು ಎಳೆಯಬೇಡಿ. ಕಾರ್ಡು ಕೆಡಲು ಅದೊಂದೇ ಸಾಕು.) ಸರಿಯಾಗಲಿಲ್ಲ. ಮಿನಿ ಯುಎಸ್‌ಬಿ ಕೇಬಲ್ ಹುಡುಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಕನೆಕ್ಷನ್ ಒತ್ತಿದ ಮೇಲೆ ಕಾರ್ಡು ತೆರೆಯಿತು. ಪಿಎಸ್‌ಪಿ ಫೋಲ್ಡರಿನೊಳಗೆ ಸೇವ್‌ಡೇಟಾ, ಹೊರಗೆ ಪಿಕ್ಚರ್, ಮ್ಯೂಸಿಕ್, ವಿಡಿಯೋ. ಏನನ್ನೂ ಮುಟ್ಟದೆ, ಅಳಿಸದೆ, ಎಲ್ಲವನ್ನೂ ಹಾಗೇ ಕಾಪಿ ಮಾಡಿದೆ. ಸೇವ್‌ಡೇಟಾದಲ್ಲಿ ಅರ್ಧ ಆಡಿ ಉಳಿಸಿದ ಆಟಗಳಿರುತ್ತವೆ. ಮುಂದೆ ಹೊಸ ಕಾರ್ಡಿನ ಅದೇ ಫೋಲ್ಡರಿಗೆ ಹಾಕಿದರೆ ಬಿಟ್ಟಲ್ಲಿಂದ ಆಡಬಹುದು.

ಆಮೇಲೆ ಕಾರ್ಡು ಖಾಲಿ ಮಾಡಿ ಪರೀಕ್ಷೆ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಲಿನಕ್ಸ್‌ನಲ್ಲೇ, ಹಾಗಾಗಿ ನನ್ನದರಲ್ಲೂ ಅದೇ. ಅದಕ್ಕೆ ಎಫ್3 ಎಂಬ ಉಚಿತ ತಂತ್ರಾಂಶವಿದೆ. ಅದು ಕಾರ್ಡು ತುಂಬ ಬರೆದು, ಮತ್ತೆ ಓದಿ, ಬರೆದದ್ದು ಸಿಕ್ಕಿತೇ ಎಂದು ಲೆಕ್ಕ ಕೊಡುತ್ತದೆ. (ವಿಂಡೋಸ್‌ನವರಿಗೆ ಎಚ್2ಟೆಸ್ಟ್‌ಡಬ್ಲ್ಯು.) ಫಲಿತಾಂಶ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲೆ ಬರೆದದ್ದು 16 ಜಿಬಿ, ಒಳಗೆ ನಿಜವಾಗಿ ಇದ್ದದ್ದು 4 ಜಿಬಿಯೂ ಇಲ್ಲ! ನಕಲಿ ಕಾರ್ಡು. 16 ಎಂದು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ತುಂಬಿದ ಮೇಲೆ ಹಾಕಿದ್ದರ ಹೆಸರು ಮಾತ್ರ ಪಟ್ಟಿಯಲ್ಲಿ ಬರುತ್ತದೆ, ಸರಕು ಇರುವುದಿಲ್ಲ. ಇಂಥದ್ದನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅಷ್ಟೇ.

ಹಾಗಾಗಿ ಮೊದಲ ರಜೆಯ ಫೋಟೋಗಳೆಲ್ಲ ಚೆನ್ನಾಗಿ ತೆರೆದವು. ಕೊನೆಯ ರಜೆಯದ್ದು ಹೋಗಿತ್ತು. ನಡುವೆ ಒಂದು ಮಾತ್ರ ಮೇಲರ್ಧ ಸರಿ, ಕೆಳಗೆಲ್ಲ ಬೂದು. ಅದನ್ನು ತೆಗೆಯಲಾ ಎಂದು ಕೇಳಿದೆ.

"ಬೇಡ ಮಾಷ್ಟ್ರೇ, ಮುಖ ಕಾಣ್ತದಲ್ಲ."

ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಅವನ ಅಮ್ಮನ ಕೈಗೇ ಕೊಟ್ಟೆ. ಆಟಕ್ಕೆ ಒಂದು ಅಡಾಪ್ಟರ್, ಅದರೊಳಗೆ 32 ಜಿಬಿಯ ಮೈಕ್ರೋಎಸ್‌ಡಿ. ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅದು ಪಿಎಸ್‌ಪಿಗೆ ಓದಲಿಕ್ಕೆ ಬರುವುದಿಲ್ಲ. ಹೊಸ ಕಾರ್ಡನ್ನು ಎಫ್3ಯಲ್ಲಿ ಪರೀಕ್ಷಿಸಿ, ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿದೆವು. ಈ ಸಲ ಬಟನ್ ಒತ್ತಿದ್ದು ಅವನೇ.