ಕರೆಯದೆ ಮನೆಯೊಳಗೆ ಬಂದ ಹಾಡು

ಪತ್ತನಾಜೆಗೆ ಸ್ವಲ್ಪವೇ ದಿನ ಬಾಕಿ ಇತ್ತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತು. ಮಳೆ ಹಿಡಿಯುವ ಮೊದಲೇ ಮದುವೆಗಳನ್ನು ಮುಗಿಸಿಬಿಡಬೇಕೆಂದು ಮಂಗಳೂರಿನ ಸಭಾಂಗಣಗಳೆಲ್ಲ ತುಂಬಿ ಹೋಗುವ ಹೊತ್ತೂ ಅದೇ. ಉರ್ವದ ಒಂದು ಒಳರಸ್ತೆಯಲ್ಲಿ ನನ್ನ ದೊಡ್ಡಪ್ಪನ ಮನೆ. ದೊಡ್ಡಮ್ಮನಿಗೆ ಬೈಪಾಸ್ ಆಪರೇಷನ್ ಆಗಿ ಮನೆಗೆ ಕರಕೊಂಡು ಬಂದು ಇನ್ನೂ ವಾರ ತುಂಬಿರಲಿಲ್ಲ. ರಾತ್ರಿ ಜತೆಗೆ ಒಬ್ಬರು ಬೇಕೆಂದು ನಾನು ಅಲ್ಲೇ ಉಳಿದಿದ್ದೆ. ಆ ರಾತ್ರಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ರಸ್ತೆಯ ಆಚೆ ಬದಿಯ ಮನೆಯಲ್ಲಿ ಮಗಳ ಮದುವೆ. ಮದುವೆಯ ಕಾಗದವನ್ನು ಅವರು ಮನೆಗೇ ಬಂದು ಕೊಟ್ಟಿದ್ದರು. ಆದರೆ ಅದು ಸಭಾಂಗಣದ ಊಟಕ್ಕೆ. ಮೆಹಂದಿ ಅವರ ನೆಂಟರಿಷ್ಟರದು, ಮಕ್ಕಳ ಗೆಳೆಯರದು. ನಮ್ಮ ಕಡೆ ಹಿಂದೆಲ್ಲ ಮದರಂಗಿ ಸೊಪ್ಪನ್ನು ಮನೆಯಲ್ಲೇ ಅರೆದು, ಹೆಂಗಸರು ಸುತ್ತ ಕೂತು ಮದುಮಗಳ ಕೈಗೆ ಹಚ್ಚುತ್ತಿದ್ದರು. ಈಗ ಮೆಹಂದಿ ಎಂದರೆ ಚಪ್ಪರ, ಲೈಟಿಂಗ್, ಊಟದ ಸಾಲು, ಕೊನೆಗೆ ಡಿಜೆ. ಅದರಲ್ಲಿ ತಪ್ಪೇನೂ ಇಲ್ಲ. ಸಂಜೆ ಏಳು ಗಂಟೆಗೆ ಹಳೆಯ ಚಿತ್ರಗೀತೆಗಳು ಶುರುವಾದಾಗ ನಮಗೂ ಖುಷಿಯೇ ಆಯಿತು. ದೊಡ್ಡಮ್ಮ ಮಲಗಿದ್ದಲ್ಲೇ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. "ಹುಡುಗಿ ನಮ್ಮ ಕಣ್ಣೆದುರು ಬೆಳೆದದ್ದಲ್ವಾ" ಎಂದರು.

ಒಂಬತ್ತು ದಾಟಿದ ಮೇಲೆ ನಿಜವಾದ ಡಿಜೆ ಹಚ್ಚಿದರು. ಮೊದಲು ನಡುಗಿದ್ದು ಕಿಟಕಿಯ ಗಾಜು. ಆಮೇಲೆ ಮಾಡಿನ ಪಕ್ಕದ ತಗಡು. ಮಾತ್ರೆಯ ಪಕ್ಕ ಇಟ್ಟಿದ್ದ ಸ್ಟೀಲ್ ಲೋಟ ಮೇಜಿನ ಮೇಲೆ ಸಣ್ಣಗೆ ಕುಣಿಯತೊಡಗಿತು. ಬಾಗಿಲು, ಕಿಟಕಿ ಎಲ್ಲ ಮುಚ್ಚಿದೆವು. ಹಾಡಿನ ಮಾತು ನಿಂತಿತು, ರಾಗ ನಿಂತಿತು, ಬಡಿತ ಮಾತ್ರ ಉಳಿಯಿತು. ದೊಡ್ಡಮ್ಮ ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು, "ಹಾಡು ಕೇಳ್ತಾ ಇಲ್ಲ ಮಗಾ, ಎದೆಯ ಮೇಲೆ ಬಡೀತಾ ಉಂಟು" ಎಂದರು.

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಬಾಗಿಲು ಮುಚ್ಚಿದರೂ ಯಾಕೆ ಹೀಗೆ ಎಂದು ಅವನೇ ಬಿಡಿಸಿ ಹೇಳಿದ. ತೆಳ್ಳಗಿನ ಸ್ವರದ ಅಲೆ ಗಿಡ್ಡ, ಗೋಡೆ ಅದನ್ನು ತಡೆಯುತ್ತದೆ. ಬಾಸ್ ಬಾಕ್ಸಿನಿಂದ ಹೊರಡುವುದು ಸೆಕೆಂಡಿಗೆ ಐವತ್ತು ಸಲ ಅದುರುವ ಸದ್ದು. ಗಾಳಿಯಲ್ಲಿ ಅದರ ಒಂದೊಂದು ಅಲೆಯ ಉದ್ದ ಸುಮಾರು 7 ಮೀಟರ್. ನಮ್ಮ ಗೋಡೆ, ಬಾಗಿಲು ಅದಕ್ಕೆ ಲೆಕ್ಕಕ್ಕಿಲ್ಲ. ಅದು ಗೋಡೆಯನ್ನೇ ಅದುರಿಸಿ ಒಳಗೆ ಬರುತ್ತದೆ. ಡೆಸಿಬಲ್ ಎನ್ನುವ ಅಳತೆಯೂ ಮೋಸದ್ದು ಎಂದ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರದು ಎನ್ನುತ್ತವೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು. ಆ ರಾತ್ರಿ ನಾವು ಜಗಲಿಯಲ್ಲಿ ಪಕ್ಕಪಕ್ಕ ಕೂತು ಕೂಗಿಯೇ ಮಾತಾಡುತ್ತಿದ್ದೆವು.

ದೊಡ್ಡಪ್ಪ ಮೇಳದಲ್ಲಿ ದುಡಿದವರು. ಚೆಂಡೆ, ಮದ್ದಳೆ ಎರಡೂ ಬಾರಿಸಿ, ಮಂಡಿನೋವು ಬಂದ ಮೇಲೆ ತಿರುಗಾಟ ಬಿಟ್ಟವರು. ಅವರು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ಅವರ ಮನಸ್ಸು ಬೇರೆ ಕಡೆ ಹೋಗಲಿ ಎಂದು ಹುಡುಗ ಒಂದು ಸಂಗತಿ ಹೇಳಿದ. 1997ರಲ್ಲಿ ಅಮೆರಿಕದಲ್ಲಿ ಕೋಮರ್, ಮೆಲಮಿಡ್ ಎಂಬ ಇಬ್ಬರು ಚಿತ್ರಕಾರರೂ ಡೇವ್ ಸೋಲ್ಜರ್ ಎಂಬ ಸಂಗೀತಗಾರನೂ ಸೇರಿ, ನಿಮಗೆ ಕೇಳಲಿಕ್ಕೇ ಆಗದ ಸಂಗೀತ ಯಾವುದು ಎಂದು ಜನರಲ್ಲಿ ವಿಚಾರಿಸಿದರಂತೆ. ಬಂದ ಉತ್ತರಗಳನ್ನೆಲ್ಲ ಒಟ್ಟುಮಾಡಿ, ಯಾರಿಗೂ ಬೇಡವಾದ ಹಾಡೊಂದನ್ನು ಕಟ್ಟಿದರು. ಬ್ಯಾಗ್‌ಪೈಪ್, ಅಕಾರ್ಡಿಯನ್, ಮಕ್ಕಳ ಗುಂಪುಗಾನ, ಒಪೆರಾ ಗಾಯಕಿಯ ಬಾಯಲ್ಲಿ ರ‍್ಯಾಪ್, ಎಲ್ಲ ಅದರಲ್ಲಿ ಉಂಟು. ಇಪ್ಪತ್ತು ನಿಮಿಷಕ್ಕೂ ಮೀರಿದ ಹಾಡು. "ಈಗ ಅದನ್ನೇ ಹುಡುಕಿ ಕೇಳುವವರಿದ್ದಾರೆ ಅಜ್ಜ" ಎಂದ.

ದೊಡ್ಡಪ್ಪನಿಗೆ ಆಸಕ್ತಿ ಹುಟ್ಟಿತು. "ಹಾಗಾದ್ರೆ ವಾದ್ಯದ ತಪ್ಪಲ್ಲ ಅದು" ಎಂದರು. ನನಗೆ ಹಾರ್ಮೋನಿಯಂ ನೆನಪಾಯಿತು. ನಮ್ಮ ಸಂಗೀತದ ಗಮಕ ಅದರಲ್ಲಿ ಬರುವುದಿಲ್ಲವೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ರೇಡಿಯೋ ಬೇಡವೆಂದ ಆ ವಾದ್ಯವೇ ನಮ್ಮ ಯಕ್ಷಗಾನದಲ್ಲಿ ಪುಂಗಿಯ ಜಾಗಕ್ಕೆ ಬಂದು, ಭಾಗವತರಿಗೆ ಶ್ರುತಿಯಾಗಿ ನಿಂತಿತು. ಅದನ್ನು ಹೇಳಿದಾಗ ದೊಡ್ಡಪ್ಪ, "ಸ್ಯಾಕ್ಸೋಫೋನ್ ಕಥೆ ನೋಡು" ಎಂದರು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾದದ್ದು, ಬ್ಯಾಂಡಿನ ಪೀಪಿಯಲ್ಲಿ ಕಲ್ಯಾಣಿ, ತೋಡಿ ಬರುವುದುಂಟೇ ಎಂದವರ ಎದುರು ವರ್ಷಗಟ್ಟಲೆ ಸಾಧನೆ ಮಾಡಿದ್ದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದು, ಎಲ್ಲ ಅವರಿಗೆ ಬಾಯಿಪಾಠ. "ಇವತ್ತು ದೇವಸ್ಥಾನದ ಬಲಿಗೂ ಸ್ಯಾಕ್ಸೋಫೋನು, ಕೋಲಕ್ಕೂ ಸ್ಯಾಕ್ಸೋಫೋನು. ಒಂದು ಕಾಲದಲ್ಲಿ ಕಿವಿ ಮುಚ್ಚಿಕೊಂಡವರೇ ಈಗ ಅದಿಲ್ಲದಿದ್ರೆ ಬಿಕೋ ಅಂತದೆ ಅಂತಾರೆ" ಎಂದರು. ಆಮೇಲೆ ಆಚೆ ಮನೆಯ ಕಡೆ ನೋಡಿ, "ನನಗೆ ಆ ಹುಡುಗರ ಹಾಡಿನ ಮೇಲೆ ಸಿಟ್ಟಿಲ್ಲ. ಈ ಹೊತ್ತಿನ ಮೇಲೆ ಸಿಟ್ಟು" ಎಂದರು.

ಹನ್ನೊಂದಾಯಿತು. ದೊಡ್ಡಮ್ಮನಿಗೆ ನಿದ್ರೆಯ ಮಾತ್ರೆ ಕೊಟ್ಟರೂ ನಿದ್ರೆ ಹತ್ತಲಿಲ್ಲ, ಹಣೆಯಲ್ಲಿ ಬೆವರು. ಪಕ್ಕದ ಮನೆಯವರು ಕಂಪೌಂಡಿನ ಹತ್ತಿರ ಬಂದು, "112ಕ್ಕೆ ಫೋನ್ ಮಾಡುವ" ಎಂದರು. ದೊಡ್ಡಪ್ಪ ಬೇಡವೆಂದರು. "ಮದುವೆ ಮನೆಗೆ ಪೊಲೀಸರನ್ನು ಕಳಿಸಿ ನಾಳೆ ಆ ಹುಡುಗಿಗೆ ಅಕ್ಷತೆ ಹಾಕ್ಲಿಕ್ಕೆ ನನ್ನಿಂದಾಗದು. ನಾನೇ ಹೋಗಿ ಬರ್ತೇನೆ" ಎಂದು ಅಂಗಿ ಹಾಕಿಕೊಂಡು ಹೊರಟರು. ನಾನೂ ಹಿಂದೆ ಹೋದೆ.

ಅಂಗಳ ತುಂಬ ಹುಡುಗರು ಕುಣಿಯುತ್ತಿದ್ದರು. ಬಾಕ್ಸುಗಳು ಆಳೆತ್ತರಕ್ಕೆ ಪೇರಿಸಿಕೊಂಡು ನೇರ ರಸ್ತೆಗೆ ಮುಖ ಮಾಡಿ ನಿಂತಿದ್ದವು. ಮದುಮಗಳ ತಂದೆ ನಮ್ಮನ್ನು ನೋಡಿ ಓಡಿ ಬಂದು, "ಬನ್ನಿ ಅಣ್ಣ, ಊಟ ಮಾಡಿ" ಎಂದರು. ದೊಡ್ಡಪ್ಪ ಅವರ ಕಿವಿಯ ಹತ್ತಿರ ಬಗ್ಗಿ ದೊಡ್ಡಮ್ಮನ ವಿಷಯ ಹೇಳಿದರು. ಅವರ ಮುಖ ಸಣ್ಣದಾಯಿತು. ಆದರೆ ಪಕ್ಕದಲ್ಲಿದ್ದ ನೆಂಟರ ಹುಡುಗನೊಬ್ಬ ಮಧ್ಯೆ ಬಾಯಿ ಹಾಕಿದ: "ಅಜ್ಜ, ನೀವು ಮೇಳದವರಲ್ವಾ? ಇದೇ ಊರಿನಲ್ಲಿ ಬೆಳಗಿನವರೆಗೆ ಚೆಂಡೆ ಬಾರಿಸಿದ್ದೀರಿ. ಆವಾಗ ಯಾರಿಗೆ ನಿದ್ರೆ ಇತ್ತು? ನಮ್ಮದು ಒಂದು ರಾತ್ರಿ."

ಆ ಮಾತಿಗೆ ದೊಡ್ಡಪ್ಪ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು. ಅಷ್ಟರಲ್ಲಿ ಮದುಮಗಳ ತಂದೆ ಕೈ ಎತ್ತಿ ಸನ್ನೆ ಮಾಡಿದ್ದರಿಂದ ಡಿಜೆ ಹುಡುಗ ಸೌಂಡು ಇಳಿಸಿದ್ದ.

"ಬಾರಿಸಿದ್ದೇನೆ ಮಗಾ. ಇದೇ ಮನೆಯ ಹರಕೆ ಆಟಕ್ಕೂ ಬಾರಿಸಿದ್ದೇನೆ. ಆದ್ರೆ ಆವತ್ತು ನಿನ್ನ ಅಜ್ಜ ಈ ರಸ್ತೆಯ ಒಂದೊಂದು ಮನೆಯ ಮೆಟ್ಟಿಲು ಹತ್ತಿ, ಇಂಥ ದಿನ ನಮ್ಮಲ್ಲಿ ಆಟ ಉಂಟು, ಊಟಕ್ಕೆ ಬರಬೇಕು, ಬೆಳಗಿನವರೆಗೆ ಇರಬೇಕು ಅಂತ ಕರೆದಿದ್ರು. ನಿದ್ರೆಗೆಟ್ಟವರೆಲ್ಲ ರಂಗಸ್ಥಳದ ಎದುರು ಚಾಪೆ ಹಾಕಿ ಕೂತಿದ್ರು. ನಾವು ಬಾರಿಸಿದ್ದು ಅವರಿಗಾಗಿ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಆವತ್ತೂ ಒಳಗೆ ಯಾರಾದ್ರೂ ಕಾಯಿಲೆಯವರು ಮಲಗಿದ್ದಿರಬಹುದು. ನಮಗೆ ಯಾರೂ ಹೇಳ್ಲಿಲ್ಲ, ನಾವು ಕೇಳ್ಲೂ ಇಲ್ಲ. ಕಟೀಲು ಮೇಳಕ್ಕೇ ಕಾಲಮಿತಿ ಬಂದಿತ್ತು. ಬೇಜಾರಾಗಿತ್ತು ನನಗೆ. ಆದ್ರೂ ಒಪ್ಪಿದ್ದೆ. ದೇವಿಯ ಆಟವೇ ಹತ್ತೂವರೆಗೆ ಮಂಗಳ ಹಾಡಿದ್ದಾದ್ರೆ ನಮ್ಮ ನಿಮ್ಮ ಹಾಡು ಎಂತ ದೊಡ್ಡದು?"

ಆ ಮಾತಿನ ಹಿಂದೆ ಎಷ್ಟು ನೋವಿತ್ತೆಂದು ನನಗೆ ಗೊತ್ತು. 2022ರಲ್ಲಿ ಹೊರಟ ತಿರುಗಾಟದಲ್ಲಿ ಕಟೀಲಿನ ಮೇಳಗಳು ಕಾಲಮಿತಿಗೆ ಬಂದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ದೇವಿಮಹಾತ್ಮೆಯ ಮಹಿಷಾಸುರ ನಡುರಾತ್ರಿ ದೊಂದಿಯ ಬೆಳಕಿನಲ್ಲಿ, ಜನರ ನಡುವಿನಿಂದ ಆರ್ಭಟಿಸಿ ಬರುವುದನ್ನು ನೋಡಿ ಬೆಳೆದವರು ನಾವು. ಪ್ರಸಂಗ ಹದವಾಗಿ ಏರಿ ಬೆಳಗಿನ ಜಾವಕ್ಕೆ ತುದಿ ಮುಟ್ಟುವ ಆ ಕಾಲಮಾನವನ್ನು ಕೈಬಿಡುವುದು ಕಲಾವಿದನಿಗೆ ಸುಲಭವಲ್ಲ. ದೊಡ್ಡಪ್ಪ ಆ ಸಂಕಟ ಅನುಭವಿಸಿಯೇ ಅಲ್ಲಿಗೆ ಬಂದಿದ್ದರು. ಆದ್ದರಿಂದಲೇ ಅವರ ಮಾತಿಗೆ ತೂಕವಿತ್ತು.

ಹುಡುಗ ತಲೆ ತಗ್ಗಿಸಿದ. ಕೈತುಂಬ ಹಸಿ ಮದರಂಗಿ ಇದ್ದ ಮದುಮಗಳು ಒಳಗಿನಿಂದ ಬಂದಳು. "ದೊಡ್ಡಮ್ಮ ಮನೆಗೆ ಬಂದದ್ದೇ ನಮಗೆ ಗೊತ್ತಿಲ್ಲ, ಆಸ್ಪತ್ರೆಯಲ್ಲೇ ಇದ್ದಾರೆ ಅಂತ ತಿಳ್ಕೊಂಡಿದ್ದೆವು" ಎಂದು ಹೇಳಿ, ಡಿಜೆ ಹುಡುಗನ ಕಡೆ ತಿರುಗಿ "ಬಂದ್ ಮಾಡಿ ಅಣ್ಣ" ಎಂದಳು. ಅವನೂ ಸಮಾಧಾನದವನೇ. ಬಾಸ್ ಬಾಕ್ಸಿನ ವಯರು ಮೊದಲು ಎಳೆದ, ಆಮೇಲೆ ಉಳಿದದ್ದನ್ನೂ ನಿಲ್ಲಿಸಿದ. ಎಲ್ಲ ಕಡೆಯೂ ಮೆಹಂದಿಯವರು ಇನ್ನೂ ಜೋರು, ಇನ್ನೂ ಜೋರು ಎನ್ನುತ್ತಾರೆ, ಇಳಿಸಲು ಹೇಳಿದವರು ಕಡಿಮೆ ಎಂದು ನಮ್ಮ ಹತ್ತಿರ ಹೇಳಿಕೊಂಡ. ಕುಣಿಯುತ್ತಿದ್ದವರಿಗೆ ಸ್ವಲ್ಪ ಬೇಸರವಾಯಿತು. ಆದರೆ ಹುಡುಗಿಯ ಸೋದರತ್ತೆ ಒಬ್ಬರು ಕೈತಟ್ಟಿ ಹಾಡು ಎತ್ತಿದರು, ಉಳಿದವರು ಸೇರಿದರು, ಮೆಹಂದಿ ಮುಂದುವರಿಯಿತು.

ಮದುಮಗಳ ತಂದೆ ನಮ್ಮ ಜತೆಗೇ ಮನೆಯವರೆಗೆ ಬಂದರು. ದೊಡ್ಡಮ್ಮನ ಮಂಚದ ಹತ್ತಿರ ಕೂತು, "ನನಗೆ ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ ಅಕ್ಕ" ಎಂದರು. "ಮದುವೆ ಮನೆಯ ಸಂತೋಷಕ್ಕೆ ಅಡ್ಡ ಬರುವುದು ಹೇಗೆ ಅಂತ ಸುಮ್ಮನಿದ್ದೆ" ಎಂದರು ದೊಡ್ಡಮ್ಮ. ಅದನ್ನು ಕೇಳಿದಾಗ ನನಗೊಂದು ವಿಷಯ ಸ್ಪಷ್ಟವಾಯಿತು. ನಮ್ಮ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಹಲ್ಲು ಕಚ್ಚಿ ಸಹಿಸುವವರಿದ್ದಾರೆ. ಹೊರಗಿನವರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ.

ಈ ಸಹನೆಗೆ ಎಂಥ ಬೆಲೆ ತೆರಬೇಕಾದೀತು ಎನ್ನುವುದಕ್ಕೆ ಸುಪ್ರೀಂ ಕೋರ್ಟಿನ 2005ರ ಜುಲೈ 18ರ ತೀರ್ಪನ್ನು ನೋಡಬೇಕು. ದೆಹಲಿಯಲ್ಲಿ ಹದಿಮೂರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರವಾದಾಗ, ನೆರೆಯಲ್ಲಿ ಮೊಳಗುತ್ತಿದ್ದ ಧ್ವನಿವರ್ಧಕದ ಸಂಗೀತದಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ಅಂದೇ ಸಂಜೆ ಅವಳು ಬೆಂಕಿ ಹಚ್ಚಿಕೊಂಡು ತೀರಿಹೋದಳು. ಆ ಘಟನೆಯಿಂದ ಕಲಕಿದ ಇಂಜಿನಿಯರ್ ಒಬ್ಬರು ಹಾಕಿದ ಅರ್ಜಿಯೇ ಆ ತೀರ್ಪಿಗೆ ಮೂಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮಕ್ಕೆ ಬಲ ಬಂದದ್ದು ಅಲ್ಲಿಂದ. ಮಾತು ಕೇಳಲು ಇಷ್ಟವಿಲ್ಲದವನ ಕಿವಿಗೆ ಅದನ್ನು ತುರುಕುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ತಿರುಳು. ಹಬ್ಬಹರಿದಿನಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸರಕಾರ ವಿನಾಯಿತಿ ಕೊಡಬಹುದು. ಅದು ಕೂಡ ಮನೆಮನೆಯ ಮೆಹಂದಿಗಲ್ಲ.

ಆ ರಾತ್ರಿಯ ಮೇಲೆ ನಮ್ಮ ರಸ್ತೆಯಲ್ಲಿ ಒಂದು ರೂಢಿ ಬಂದಿದೆ. ಮರುವರ್ಷ ಇನ್ನೊಂದು ಮನೆಯಲ್ಲಿ ಮದುವೆ ಇದ್ದಾಗ, ಕಾಗದ ಕೊಡಲು ಬಂದವರು ಜಗಲಿಯಲ್ಲಿ ಕೂತು ಎರಡು ಮಾತು ಕೇಳಿದರು: ಮನೆಯಲ್ಲಿ ಹುಷಾರಿಲ್ಲದವರು, ಪರೀಕ್ಷೆಗೆ ಓದುವವರು ಇದ್ದಾರಾ? ಹತ್ತು ಗಂಟೆಗೆ ನಿಲ್ಲಿಸುತ್ತೇವೆ, ಆಗಬಹುದಾ? ಬಾಕ್ಸುಗಳ ಮುಖವನ್ನು ಅವರ ಅಂಗಳದ ಕಡೆಗೇ ತಿರುಗಿಸಿದ್ದರು. ಅಂದು ಡಿಜೆಯೂ ಇತ್ತು, ಕುಣಿತವೂ ಇತ್ತು, ಗುಣವಾಗಿದ್ದ ದೊಡ್ಡಮ್ಮ ಹೋಗಿ ಮದರಂಗಿ ಹಚ್ಚಿಸಿಕೊಂಡೂ ಬಂದರು.

ಜನರಿಗೆ ಸಹಿಸಲಾಗದ ಸಂಗೀತ ಯಾವುದೆಂದು ಯಾರಾದರೂ ಕೇಳಿದರೆ ನಾನು ಯಾವ ವಾದ್ಯದ ಹೆಸರನ್ನೂ ಹೇಳುವುದಿಲ್ಲ. ನೆರೆಯವರನ್ನು ಕರೆಯದೆ, ಕೇಳದೆ, ಅವರ ಗೋಡೆ ದಾಟಿ ಒಳಗೆ ನುಗ್ಗುವ ಸಂಗೀತ ಅದು. ಅದು ಡಿಜೆ ಆಗಿರಬಹುದು, ಭಜನೆ ಆಗಿರಬಹುದು, ನಾನು ಪ್ರಾಣದಷ್ಟು ಪ್ರೀತಿಸುವ ಚೆಂಡೆಯೂ ಆಗಿರಬಹುದು. ಮಂಗಳೂರಿನಲ್ಲಿ ಫ್ಲಾಟಿಗೆ ಫ್ಲಾಟು ಅಂಟಿಕೊಂಡು, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದೇ ಗೊತ್ತಿಲ್ಲದ ಈ ಕಾಲದಲ್ಲಿ ಕಾನೂನು ಬೇಕೇ ಬೇಕು. ಅಳತೆಯ ಯಂತ್ರವೂ ಬೇಕು. ಆದರೆ ಅದಕ್ಕಿಂತ ಮೊದಲು ಮದುವೆಯ ಮನೆಯವರು ನೆರೆಮನೆಯ ಮೆಟ್ಟಿಲು ಹತ್ತಿ ಒಂದು ಮಾತು ಕೇಳಲಿ. ಕೇಳಿದವರ ಮನೆಯ ಹಾಡು ಎಷ್ಟು ಜೋರಿದ್ದರೂ ಹತ್ತು ಗಂಟೆಯವರೆಗೆ ನಮ್ಮದೇ ಮನೆಯ ಹಾಡು.